ಗುಮ್ಮಜ್ಜನನ್ನು ಹೆದರಿಸುವ ಕೆಲಸ

ನಮ್ಮ ಭಾವನ ಕಾಮಿಕ್ಸ್ ಪುಸ್ತಕದ ಕೊನೆಗೆಂದು ಅವರ ಪರಿಚಯವನ್ನು ನಾನು ಒಂದು ಪುಟದಲ್ಲಿ ಬರೆದುಕೊಟ್ಟಿದ್ದೆ, ಫೋಟೋ ಸಮೇತ. ಹುಟ್ಟಿದ್ದು, ಓದಿದ್ದು, ಮೂವತ್ತೈದು ವರ್ಷ ಬೆಂಕಿಪೊಟ್ಟಣಕ್ಕೆ, ಬಿಸ್ಕತ್ತಿನ ಡಬ್ಬಿಗೆ, ಶಾಲೆಯ ಪುಸ್ತಕಕ್ಕೆ ಚಿತ್ರ ಬರೆದದ್ದು ಎಲ್ಲವೂ ಅದರಲ್ಲಿತ್ತು. ಆ ಪುಟ ಅಚ್ಚಾಗಲಿಲ್ಲ. ಕಿತ್ತುಹಾಕಿದವರು ಭಾವನೇ. ಯಾಕೆ ಅಂತ ಕೇಳಿದವರ ಮುಂದೆಲ್ಲ ಅವರು ನಕ್ಕು ಸುಮ್ಮನಾಗುತ್ತಾರೆ. ನನಗೆ ಸುಮ್ಮನಿರುವುದಕ್ಕೆ ಬರುವುದಿಲ್ಲ, ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ದಿನ ಏನಾಯಿತು ಅಂತ ಇಲ್ಲಿ ಹೇಳಿಬಿಡುತ್ತೇನೆ, ಇದು ಒಂದು ಪುಟಕ್ಕೆ ಮುಗಿಯುವ ಸಂಗತಿಯಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಮುದ್ರಣಾಲಯದ ಮಹಡಿಯ ಮೇಲಿನ ಕೋಣೆಯಲ್ಲಿ ನಮ್ಮಿಬ್ಬರ ಮೇಜು. ಇಪ್ಪತ್ತೆರಡು ವರ್ಷದಿಂದ ಒಟ್ಟಿಗೇ ಕೆಲಸ, ಅವರು ಚಿತ್ರ ಬರೆಯುತ್ತಾರೆ, ನಾನು ಚಿತ್ರದೊಳಗಿನ ಮಾತಿನ ಗುಳ್ಳೆಗಳಲ್ಲಿ ಅಕ್ಷರ ಬರೆಯುತ್ತೇನೆ. ಗುಳ್ಳೆಗೆ ಮಾತು ಹಿಡಿಸದಿದ್ದರೆ ನಾನು ಅವರ ಮೇಲೆ ರೇಗುತ್ತೇನೆ, ಗುಳ್ಳೆ ಚಿತ್ರವನ್ನು ನುಂಗಿದರೆ ಅವರು ನನ್ನ ಮೇಲೆ ಮುಖ ಊದಿಸಿಕೊಳ್ಳುತ್ತಾರೆ. ಅವರು ನನ್ನನ್ನು ಕರೆಯುವುದು ಬಾಯಾಳಿ ಅಂತ. ಅಕ್ಕನ ಎದುರಿಗೂ ಹಾಗೇ ಕರೆಯುತ್ತಾರೆ, ಅವಳೂ ನಗುತ್ತಾಳೆ.

ಇನ್ನು ಗುಮ್ಮಜ್ಜ. ಅದು ನಾವು ಇಟ್ಟ ಹೆಸರು, ಅವರ ಎದುರಿಗೆ ಹೇಳುವಷ್ಟು ಧೈರ್ಯ ಯಾರಿಗೂ ಇಲ್ಲ. ಎಂಬತ್ತು ದಾಟಿದ ಕತೆಗಾರರು. ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಸ್ಟಾಂಪು ಹರಿದು ಕೊಡುತ್ತಲೇ ನಲವತ್ತೊಂದು ಕತೆ ಬರೆದರು. ಎಲ್ಲವೂ ಒಂದೋ ದೆವ್ವದ್ದು, ಇಲ್ಲ ಕುದುರೆ ಸವಾರರದ್ದು, ಬಹಳಷ್ಟು ಎರಡೂ ಸೇರಿದ್ದು. ಮರಳುಗಾಡು, ಟೋಪಿ, ಬಂದೂಕು, ಹಾಳುಬಿದ್ದ ಪಟ್ಟಣದಲ್ಲಿ ಒಂಟಿ ದೀಪ. ಪುಣ್ಯಾತ್ಮರು ಜನ್ಮದಲ್ಲಿ ಕುದುರೆಯ ಬೆನ್ನು ಮುಟ್ಟಿ ನೋಡಿದವರಲ್ಲ. ಆದರೆ ಅವರ ಕತೆ ಓದಿದರೆ ನಮ್ಮ ತೊಡೆಯೇ ಉಜ್ಜಿ ಉರಿಯುತ್ತದೆ.

ಭಾವನಿಗೆ ಹನ್ನೆರಡನೇ ವಯಸ್ಸಿನಿಂದ ಈ ಕತೆಗಳ ಹುಚ್ಚು. ಭೂಗೋಳದ ಪುಸ್ತಕದೊಳಗೆ ಪತ್ರಿಕೆ ಬಚ್ಚಿಟ್ಟುಕೊಂಡು ಓದಿ, ಒದೆ ತಿಂದು, ಮತ್ತೆ ಓದಿದವರು. ಇವನ್ನು ಕಾಮಿಕ್ಸ್ ಮಾಡಬೇಕು ಎನ್ನುವುದೊಂದೇ ಆಸೆ. ಅದಕ್ಕೆ ಮುಂಚೆ ಇಬ್ಬರು ಕಲಾವಿದರು ಪ್ರಯತ್ನಿಸಿದ್ದರು. ಇಬ್ಬರ ಪುಸ್ತಕವನ್ನೂ ಗುಮ್ಮಜ್ಜ ‘ನಗು ಬಂತು’ ಎಂದು ಎರಡೇ ಮಾತು ಬರೆದು ವಾಪಸ್ ಕಳಿಸಿದ್ದರು. ಭಾವ ನಾಲ್ಕು ಸಲ ಹೋಗಿ ಬಾಗಿಲು ತಟ್ಟಿದರು. ಐದನೇ ಸಲ ನಾನೂ ಜೊತೆಗಿದ್ದೆ. ಕತೆಗಾರರು ನಮ್ಮನ್ನು ಕೂರಿಸಲಿಲ್ಲ, ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು.

“ಒಂದು ವರ್ಷ ಕೊಡ್ತೀನಿ. ಒಂದೇ ಒಂದು ಕತೆ ಮಾಡಿ, ಅಚ್ಚಾದ ಪುಸ್ತಕ ನನ್ನ ಕೈಗಿಡಿ. ನಾನು ಬರೀದೇ ಇರೋ ಒಂದು ಮಾತೂ ಕತೆಯೊಳಗೆ ಇರಕೂಡದು. ಬರೆದೋನು ನಾನೇ, ಮುಂದೇನಾಗುತ್ತೆ ಅಂತ ನನಗೆ ಗೊತ್ತು. ಆದರೂ ನಾನು ಹೆದರಬೇಕು. ಹೆದರಿದರೆ ನಲವತ್ತೊಂದೂ ನಿಮ್ಮದು. ಇಲ್ಲಾಂದ್ರೆ ಮತ್ತೆ ಈ ಕಡೆ ತಲೆ ಹಾಕಬೇಡಿ.”

ಮೆಟ್ಟಿಲಿಳಿಯುವಾಗ ನಾನು, ಇದೆಂಥಾ ಮುದುಕ ಭಾವ, ತನ್ನ ನೆರಳಿಗೆ ತಾನೇ ಹೆದರಬೇಕಂತೆ ಎಂದೆ. ಭಾವ ಕೇಳಿಸಿಕೊಳ್ಳಲಿಲ್ಲ. ಅವರ ಮುಖ ಹನ್ನೆರಡು ವರ್ಷದ ಹುಡುಗನ ಹಾಗೆ ಅರಳಿಹೋಗಿತ್ತು.

ಅವರು ಆರಿಸಿಕೊಂಡ ಕತೆ ಇದು. ಒಬ್ಬ ಸವಾರ ಹಣದಾಸೆಗೆ ಒಬ್ಬನನ್ನು ಕೊಂದು ಮಣ್ಣಲ್ಲಿ ಹೂತು, ಮೂರು ದಿನ ಕುದುರೆ ಓಡಿಸಿಕೊಂಡು ಒಂದು ಹಾಳು ಪಟ್ಟಣಕ್ಕೆ ಬರುತ್ತಾನೆ. ಅಲ್ಲಿ ಹೆಂಡದಂಗಡಿಯಲ್ಲಿ ಒಬ್ಬ ಒಂಟಿಯಾಗಿ ಇಸ್ಪೀಟು ಆಡುತ್ತಿದ್ದಾನೆ, ಮುಖ ಟೋಪಿಯ ಕೆಳಗೆ. ಸವಾರ ದೀಪ ಎತ್ತಿ ಹಿಡಿದು, ಟೋಪಿ ತೆಗಿ ಎನ್ನುತ್ತಾನೆ. ನಮ್ಮ ಪುಸ್ತಕದಲ್ಲಿ ಆಮೇಲಿನ ಮಾತು ಇಷ್ಟೇ: ‘ಅವನು ತಲೆ ಎತ್ತಿದ. ಇಸ್ಪೀಟಿನ ಮೇಲೆ ಮಣ್ಣು ಉದುರಿತು.’ ಭಾವ ಆ ಮುಖವನ್ನು ಇಡೀ ಪುಟದ ತುಂಬ ಬರೆದಿದ್ದರು. ಸವಾರ ಕೊಂದು ಹೂತಿದ್ದವನೇ ಅವನು. ಬಾಯಿ ತುಂಬ ಮಣ್ಣು, ಬೆಳಕು ಕೆಳಗಿನಿಂದ ಬಿದ್ದು ಕಣ್ಣು ಮಾತ್ರ ಹೊಳೆಯುತ್ತಿದೆ. ಮೊದಲ ಸಲ ನೋಡಿದಾಗ ನನ್ನ ಕೈಯಲ್ಲಿದ್ದ ನಿಬ್ಬು ಕೆಳಗೆ ಬಿತ್ತು.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಪುಸ್ತಕ ಬಿಚ್ಚಿದರೆ ಎರಡು ಪುಟ ಒಟ್ಟಿಗೆ ಕಾಣುತ್ತವೆ. ಎಡಗಡೆಯದನ್ನು ಓದುವಾಗಲೇ ಕಣ್ಣು ಕಳ್ಳತನದಿಂದ ಬಲಗಡೆಯದನ್ನೂ ನೋಡಿಬಿಟ್ಟಿರುತ್ತದೆ. ಹಾಗಾಗಿ ಬೆಚ್ಚಿಬೀಳಿಸುವ ಚಿತ್ರ ಯಾವತ್ತೂ ಬಲಪುಟದಲ್ಲಿ ಇರಬಾರದು. ಹಾಳೆ ಮಗುಚಿದ ತಕ್ಷಣ ಎದುರಾಗುವ ಎಡಪುಟದಲ್ಲೇ ಇರಬೇಕು. ನಮ್ಮ ಮುಖ ಇದ್ದದ್ದು ಹದಿನಾಲ್ಕನೆಯ ಪುಟದಲ್ಲಿ, ಅಂದರೆ ಎಡಕ್ಕೆ. ಅದರ ಹಿಂದಿನ ಹದಿಮೂರು ಪುಟವನ್ನೂ ಭಾವ ಆ ಒಂದು ಮಗುಚುವಿಕೆಗಾಗಿಯೇ ಕಟ್ಟಿದ್ದರು. ಒಂದು ವರ್ಷದ ಕೆಲಸ ಅದು.

ಗಡುವಿನ ಕೊನೆಯ ದಿನ. ಸಂಜೆ ನಾಲ್ಕಕ್ಕೆ ಕತೆಗಾರರು ತಾವೇ ಮುದ್ರಣಾಲಯಕ್ಕೆ ಬಂದು ಮೊದಲ ಪ್ರತಿಯನ್ನು ಅಲ್ಲೇ ಕೂತು ಓದುವುದೆಂದು ಗೊತ್ತಾಗಿತ್ತು. ಬೆಳಗ್ಗೆ ಹತ್ತಕ್ಕೆ ಕೆಳಗಿನಿಂದ ಮಷಿನ್ ಮಾಮ ಮಡಚಿದ ಮಾದರಿ ಹಾಳೆ ತಂದು ಭಾವನ ಮೇಜಿನ ಮೇಲಿಟ್ಟರು. ಮಾಮ ಅಂದರೆ ಅಚ್ಚಿನ ಯಂತ್ರ ನಡೆಸುವವರು, ಯಾರಿಗೂ ಮಾಮನಲ್ಲದಿದ್ದರೂ ಎಲ್ಲರಿಗೂ ಮಾಮ. ಭಾವ ಹಾಳೆ ಮಗುಚುತ್ತ ಬಂದರು. ನಾನು ನಿಬ್ಬು ತೊಳೆಯುತ್ತಿದ್ದೆ. ಹಾಳೆಯ ಸದ್ದು ನಿಂತಿತು. ತಿರುಗಿ ನೋಡಿದರೆ ಭಾವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಮೊದಲ ಪುಟದಲ್ಲಿ ಕೆಮ್ಮಿನ ಔಷಧದ ಜಾಹೀರಾತು. ಮುದ್ರಣಾಲಯದ ಮಾಲೀಕರು ನಮಗೆ ಒಂದು ಮಾತೂ ಹೇಳದೆ ಒಪ್ಪಿಕೊಂಡು, ಕೊನೆಯಲ್ಲಿದ್ದ ಪ್ರಕಾಶಕರ ವಿವರದ ಪುಟವನ್ನು ತೆಗೆದು, ಇದನ್ನು ಮುಂದಕ್ಕೆ ತುರುಕಿದ್ದರು. ಎಲ್ಲ ಪುಟವೂ ಒಂದೊಂದು ಮುಂದೆ ಸರಿದಿತ್ತು. ಮಣ್ಣು ತುಂಬಿದ ಮುಖ ಹದಿನೈದನೆಯ ಪುಟಕ್ಕೆ, ಬಲಕ್ಕೆ, ಬಂದು ಕೂತಿತ್ತು. ಸವಾರ ಇನ್ನೂ ಎಡಗಡೆ ದೀಪ ಎತ್ತುತ್ತಿರುವಾಗಲೇ ಪಕ್ಕದಲ್ಲಿ ಹೆಣ ನಮ್ಮನ್ನು ನೋಡಿ ಕೂತಿದೆ. ಇದನ್ನು ನೋಡಿದರೆ ಗುಮ್ಮಜ್ಜನಿಗೆ ನಗು ಬಾರದೆ ಇನ್ನೇನು ಬರುತ್ತದೆ.

ನಿಬ್ಬನ್ನು ನೀರಿನಲ್ಲೇ ಬಿಟ್ಟೆ. ಕೆಳಗೆ ಹೋಗಿ ಮಾಲೀಕರಿಗೆ ಬಾಯಿಗೆ ಬಂದ ಹಾಗೆ ಅಂದೆ. ಅವರು ತಣ್ಣಗೆ, ಒಂದು ಪುಟ ಆಚೀಚೆ ಆದರೆ ಪ್ರಪಂಚವೇನೂ ಮುಳುಗುವುದಿಲ್ಲ, ಮೊದಲ ಪುಟ ಎಂದು ಮಾತು ಕೊಟ್ಟಾಗಿದೆ, ತಲೆ ಮೇಲೆ ತಲೆ ಬಿದ್ದರೂ ಅದು ಅಲುಗುವುದಿಲ್ಲ ಎಂದರು. ಮಷಿನ್ ಮಾಮನೇ ಒಂದು ದಾರಿ ಹೇಳಿದರು. ಮುಖಕ್ಕೆ ಮುಂಚೆ ಒಂದು ಪುಟ ಕಿತ್ತುಹಾಕಿ, ಇಲ್ಲವೇ ಇನ್ನೊಂದು ಪುಟ ಸೇರಿಸಿ, ಮಧ್ಯಾಹ್ನ ಒಂದು ಗಂಟೆಯೊಳಗೆ ಕೊಟ್ಟರೆ ಅಚ್ಚಿನ ಪ್ಲೇಟ್ ಮಾಡುತ್ತೇನೆ, ಅದು ದಾಟಿದರೆ ನನ್ನ ಕೈಯಲ್ಲಿ ಇಲ್ಲ ಎಂದರು. ಕೀಳಬಹುದಾದ ಪುಟ ಒಂದೂ ಇರಲಿಲ್ಲ, ಇದ್ದಿದ್ದರೆ ಭಾವ ಯಾವಾಗಲೋ ಕಿತ್ತಿರುತ್ತಿದ್ದರು. ಒಟ್ಟು ಪುಟ ಹೆಚ್ಚಿಸುವಂತಿಲ್ಲ, ಸೇರಿಸಬೇಕೆಂದರೆ ಕೊನೆಯಲ್ಲಿ ಒಂದು ಪುಟ ಬಿಡಬೇಕು. ಉಳಿದಿದ್ದದ್ದು ನಾನು ಬರೆದ ಭಾವನ ಪರಿಚಯ ಒಂದೇ.

ಅದನ್ನು ತೆಗೀರಿ ಎಂದು ಭಾವ ಒಂದು ಕ್ಷಣವೂ ಯೋಚಿಸದೆ ಹೇಳಿದರು. ನಾನು ಜಗಳಕ್ಕೇ ನಿಂತೆ. ಮೂವತ್ತೈದು ವರ್ಷದಲ್ಲಿ ಇವರ ಹೆಸರು ಎಲ್ಲೂ ದಪ್ಪಕ್ಷರದಲ್ಲಿ ಬಂದಿಲ್ಲ, ಬೆಂಕಿಪೊಟ್ಟಣದ ಮೇಲೆ ಯಾರು ಹೆಸರು ಹಾಕುತ್ತಾರೆ. ಭಾವ, ಜನ ಅಷ್ಟು ಹೊತ್ತು ಹೆದರಿ ಕೊನೆಗೆ ನನ್ನ ಮುಖ ನೋಡಿ ಸಮಾಧಾನ ಮಾಡಿಕೊಳ್ಳುವುದು ಬೇಡ ಎಂದು ತಮಾಷೆ ಮಾಡಿ ಮೆಟ್ಟಿಲು ಹತ್ತಿದರು. ಆ ತಮಾಷೆಗೆ ನನಗೆ ಇನ್ನಷ್ಟು ಸಿಟ್ಟು ಬಂತು.

ಹನ್ನೊಂದು ಗಂಟೆ. ಸವಾರನ ಬೂಟುಗಳು ಹಲಗೆಯ ನೆಲದ ಮೇಲೆ ಮೇಜಿನ ಕಡೆಗೆ ನಡೆಯುವ ಒಂದು ಪುಟ ಬರೆಯುತ್ತೇನೆ ಎಂದರು ಭಾವ. ಆಮೇಲೆ ನನ್ನನ್ನು ಕೆಳಗೆ ಹೋಗಿ ಕೂತಿರು ಎಂದರು. ನಾನೇಕೆ ಹೋಗಲಿ, ನನ್ನ ಮೇಜು ಇಲ್ಲೇ ಇದೆ ಎಂದೆ. ಮತ್ತೆ ಹೋಗು ಎಂದರು, ನಾನು ಜಗ್ಗಲಿಲ್ಲ. ಭಾವ ನನಗೆ ಬೆನ್ನು ಹಾಕಿ ಕೂತರು. ಒಂದು ಹಾಳೆ ಮುದ್ದೆಯಾಗಿ ಬುಟ್ಟಿಗೆ ಬಿತ್ತು. ಇನ್ನೊಂದು ಬಿತ್ತು. ಮೂರನೆಯದು ಬಿದ್ದಾಗ ನಾನು ಎದ್ದು ಹೋಗಿ ಅದನ್ನು ಬಿಡಿಸಿ ನೋಡಿದೆ. ಗೆರೆ ನೆಟ್ಟಗಿರಲಿಲ್ಲ. ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗೆ ಅಂಕುಡೊಂಕಾಗಿತ್ತು. ನೋಡಿದರೆ ಭಾವನ ಬಲಗೈ ಮೇಜಿನ ಮೇಲೆ ತಾನೇ ತಾನಾಗಿ ನಡುಗುತ್ತಿತ್ತು. ಅದನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡಿದ್ದರು.

ಎಷ್ಟು ದಿನದಿಂದ ಎಂದು ಕೇಳಿದೆ. ಎಂಟು ತಿಂಗಳು ಎಂದರು. ಬೆಳಗ್ಗೆ ಎದ್ದಾಗ ಕೈ ಮಾತು ಕೇಳುತ್ತದೆ, ಒಂಬತ್ತು ದಾಟಿದರೆ ಕೇಳುವುದಿಲ್ಲ. ಪುಸ್ತಕದ ಅರ್ಧಕ್ಕೂ ಹೆಚ್ಚನ್ನು ಅವರು ಬೆಳಗ್ಗೆ ಐದರಿಂದ ಒಂಬತ್ತರವರೆಗೆ ಮನೆಯಲ್ಲಿ ಬರೆದು, ಇಲ್ಲಿ ಬಂದು ನನ್ನೆದುರು ಸುಮ್ಮನೆ ಪೆನ್ಸಿಲ್ ಕೆತ್ತುತ್ತ ಕೂರುತ್ತಿದ್ದರು. ಎಂಟು ತಿಂಗಳಿಂದ ಅವರು ನನ್ನ ಜೊತೆ ಚಹಾ ಕುಡಿದಿರಲಿಲ್ಲ. ನಾನೇನೋ ಅಂದದ್ದಕ್ಕೆ ಮುನಿಸು ಅಂದುಕೊಂಡು ನಾನೂ ಬಿಗುಮಾನ ಮಾಡಿಕೊಂಡು ಓಡಾಡಿದ್ದೆ. ಅಕ್ಕನಿಗೆ ಗೊತ್ತಿತ್ತಂತೆ. ಮನೆಗೆಲ್ಲ ಗೊತ್ತು, ನನಗೊಬ್ಬಳಿಗೆ ಇಲ್ಲ.

“ಬಾಯಾಳಿ ಅಂತ ತಾನೇ ನನಗೆ ಹೇಳಲಿಲ್ಲ ನೀವು?” ಎಂದೆ.

“ನೀನು ಅತ್ತುಬಿಡ್ತೀಯ ಅಂತ ಹೇಳಲಿಲ್ಲ,” ಎಂದರು.

ಅತ್ತೆ. ಅದನ್ನು ಮುಚ್ಚಿಡುವುದೇನು. ಅಳುತ್ತಲೇ ಬೈದೆ, ಬೈಯುತ್ತಲೇ ಗಡಿಯಾರ ನೋಡಿದೆ. ಹನ್ನೊಂದೂಕಾಲು. ನಾನು ಬರೆಯಲೇ ಎಂದೆ. ನಾನು ಕತ್ತೆ ಬರೆದರೂ ಅದು ಕುರ್ಚಿಯ ಹಾಗೆ ಕಾಣುತ್ತದೆ ಎನ್ನುವುದು ಇಬ್ಬರಿಗೂ ಗೊತ್ತು. ಭಾವ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆ ನೋಡುತ್ತ ಕೂತರು. ಹೋಗಲಿ ಬಿಡು, ಬಲಪುಟದಲ್ಲೇ ಇರಲಿ ಎಂದರು. ಅವರ ಬಾಯಲ್ಲಿ ಹೋಗಲಿ ಬಿಡು ಎನ್ನುವ ಮಾತನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ. 

ಅಕ್ಷರದವಳಿಗೆ ಒಂದು ಅಭ್ಯಾಸ ಇರುತ್ತದೆ. ಬರೆದ ಮಾತು ಮರೆತುಹೋಗುತ್ತದೆ, ಬರೆದು ಅಳಿಸಿದ ಮಾತು ಮರೆಯುವುದಿಲ್ಲ. ಸವಾರ ಟೋಪಿ ತೆಗಿ ಎನ್ನುವುದಕ್ಕೂ ಅವನು ತಲೆ ಎತ್ತುವುದಕ್ಕೂ ನಡುವೆ ಕತೆಯಲ್ಲಿ ಇನ್ನೂ ಮೂರು ವಾಕ್ಯ ಇದ್ದವು. ಮೂರು ತಿಂಗಳ ಹಿಂದೆ ನಾನು ಅವನ್ನು ಪೆನ್ಸಿಲಿನಲ್ಲಿ ಬರೆದೂ ಇದ್ದೆ. ಕತ್ತಲೆಯನ್ನು ಬರೆಯುವುದು ಹೇಗೆ, ಕತೆ ಓಡಲಿ ಎಂದು ಭಾವನೇ ಅಳಿಸಲು ಹೇಳಿದ್ದರು. ಕತೆ ಅಚ್ಚಾಗಿದ್ದ ಹಳೆಯ ಪತ್ರಿಕೆ ತೆಗೆದು ಅವರ ಮುಂದೆ ಹಿಡಿದೆ. ‘ದೀಪ ಆರಿತು. ಕತ್ತಲಲ್ಲಿ ಕುರ್ಚಿ ಹಿಂದೆ ಸರಿಯಿತು. ಸವಾರ ಬೆಂಕಿಕಡ್ಡಿ ಗೀರಿದ.’

ಭಾವ ಅದನ್ನು ಮೂರು ಸಲ ಓದಿದರು. ಆಮೇಲೆ ಎದ್ದು ನಿಂತರು.

ಇಡೀ ಪುಟ ಕಪ್ಪು ಎಂದರು. ಚಿತ್ರವೇ ಇಲ್ಲ. ಮುಖದ ಪುಟದಲ್ಲಿ ದೀಪ ಕಾಣುವುದಿಲ್ಲ, ಬೆಳಕು ಮಾತ್ರ ಕೆಳಗಿನಿಂದ ಬೀಳುತ್ತದೆ, ಅದು ಬೆಂಕಿಕಡ್ಡಿಯದೆಂದರೂ ನಡೆಯುತ್ತದೆ. ಕಪ್ಪು ಬಳಿಯುವುದಕ್ಕೆ ಚಿತ್ರ ಬರಬೇಕಾಗಿಲ್ಲ, ದಪ್ಪ ಬ್ರಷ್ ಹಿಡಿದು ನಾನೇ ಬಳಿದೆ. ಮೇಲೆ ಎಡಮೂಲೆಯಲ್ಲಿ ದೀಪ ಆರಿತು ಎನ್ನುವುದನ್ನು ಬಿಳಿಯ ಸಣ್ಣ ಅಕ್ಷರದಲ್ಲಿ ಬರೆದೆ. ಕಡ್ಡಿ ಗೀರುವುದನ್ನು ಮುಂದಿನ ಪುಟದ, ಅಂದರೆ ಮುಖದ ಪುಟದ, ಮೇಲ್ತುದಿಗೆ ಸೇರಿಸಲು ಭಾವ ಹೇಳಿದರು. ಕುರ್ಚಿಯ ವಾಕ್ಯ ಎಲ್ಲಿ ಎಂದು ಕೇಳಿದೆ. ಸಾಮಾನ್ಯವಾಗಿ ಇಂಥ ಮಾತು ಪುಟದ ನಡುವೆ ಬರುತ್ತದೆ. ಭಾವ ಬಲಗಡೆಯ ಕೆಳಮೂಲೆ ತೋರಿಸಿದರು.

“ಹಾಳೆ ಮಗುಚೋಕೆ ಹೆಬ್ಬೆರಳು ಇಡ್ತಾರಲ್ಲ, ಅಲ್ಲಿ ಬರಿ. ಬೆರಳಿಗೇ ಆ ಕುರ್ಚಿ ತಾಗಬೇಕು.”

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಹಾಳೆಯನ್ನು ಗಾಳಿಗೆ ಬೀಸುತ್ತ ಕೆಳಗೆ ಓಡಿದೆ. ಮಷಿನ್ ಮಾಮ ನೋಡಿ ಹಣೆ ಚಚ್ಚಿಕೊಂಡರು. ಇಷ್ಟು ಕಪ್ಪು ಹೊಡೆದರೆ ಒಣಗುವುದಿಲ್ಲ, ಎದುರು ಪುಟಕ್ಕೆ ಅಂಟುತ್ತದೆ, ನನ್ನ ಮರ್ಯಾದೆ ಹೋಗುತ್ತದೆ ಎಂದು ಗೊಣಗಿದರು. ಗೊಣಗುತ್ತಲೇ ಪ್ಲೇಟ್ ಮಾಡಿದರು. ಮೂರೂವರೆಗೆ ಮೊದಲ ಪ್ರತಿಗೆ ಪಿನ್ ಹೊಡೆದಾಗ ಆ ಪುಟ ಇನ್ನೂ ಹಸಿ ಹಸಿ ವಾಸನೆ ಬರುತ್ತಿತ್ತು. ಮುಖ ಹದಿನಾರಕ್ಕೆ, ಎಡಕ್ಕೆ, ಬಂದಿತ್ತು.

ಗುಮ್ಮಜ್ಜ ನಾಲ್ಕಕ್ಕೆ ಸರಿಯಾಗಿ ಬಂದರು. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂರಿಸಿದೆವು. ಕನ್ನಡಕ ಒರೆಸಿಕೊಂಡರು. ಕೆಮ್ಮಿನ ಔಷಧ ನೋಡಿ ಮಾಲೀಕರ ಕಡೆ ಒಮ್ಮೆ ಕಣ್ಣೆತ್ತಿದರು, ಮಾಲೀಕರು ಯಾವುದೋ ಕೆಲಸ ನೆನಪಾದವರಂತೆ ಒಳಗೆ ಹೋದರು. ಭಾವ ಎದುರಿಗೆ ನಿಂತಿದ್ದರು, ಬಲಗೈ ಜೇಬಿನಲ್ಲಿ. ನಾನು ಗೋಡೆಗೆ ಒರಗಿ ಪುಟ ಎಣಿಸುತ್ತಿದ್ದೆ.

ಅವರು ಓದುವ ರೀತಿಯೇ ಜೀವ ತೆಗೆಯುವಂಥದ್ದು. ಒಂದೊಂದು ಪುಟಕ್ಕೂ ಅಷ್ಟೇ ಹೊತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಆರು. ಎಂಟು. ಹತ್ತಕ್ಕೆ ಬಂದಾಗ ಒಂದು ಸಲ ಮೂಗು ಉಜ್ಜಿಕೊಂಡರು. ಅದು ನಗುವೋ ಎಂದು ನಾನು ಬಗ್ಗಿ ನೋಡಿದೆ. ಹನ್ನೆರಡು. ಹದಿನಾಲ್ಕು. ಸವಾರ ದೀಪ ಎತ್ತಿದ. ಅವರ ಕಣ್ಣು ಬಲಕ್ಕೆ ಹೋಯಿತು, ಕಪ್ಪಿನ ಮೇಲೆ ನಿಂತಿತು. ಮೇಲಿನ ಅಕ್ಷರ ಓದಿದರು. ಬಹಳ ಹೊತ್ತು ಆ ಕಪ್ಪನ್ನೇ ನೋಡಿದರು. ಹಾಳೆ ಮಗುಚಲು ಹೆಬ್ಬೆರಳು ಮೂಲೆಗೆ ಹೋಯಿತು. ಅಲ್ಲಿ ಇನ್ನೊಂದು ಸಾಲು ಇದೆ ಎಂದು ಆಗ ಗೊತ್ತಾಯಿತು. ಬೆರಳು ಸರಿಸಿ ಓದಿದರು.

ಆಮೇಲೆ ಅವರು ಹಾಳೆ ಮಗುಚಲಿಲ್ಲ.

ಒಳಗೆ ಯಂತ್ರ ನಿಂತಿತ್ತು, ಮಷಿನ್ ಮಾಮ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದರು. ಗುಮ್ಮಜ್ಜನ ಬೆರಳು ಒಂದು ಸಲ ಮೂಲೆಗೆ ಹೋಗಿ ವಾಪಸ್ ಬಂತು. ಇನ್ನೊಂದು ಸಲವೂ ಹಾಗೇ ಆಯಿತು. ಉಗುರಿಗೆ ಮಸಿ ಅಂಟಿತ್ತು. ಕೊನೆಗೆ ಅವರು ಪುಸ್ತಕವನ್ನು ಬಿಚ್ಚಿದ ಹಾಗೇ ಭಾವನ ಕಡೆ ಚಾಚಿದರು.

“ಈ ಕತ್ತಲೆ ನಾನು ಬರೆದದ್ದೇ,” ಎಂದರು. “ಆ ಕಡೆ ಏನಿದೆ ಅಂತಾನೂ ಗೊತ್ತು. ಆದರೂ ನನ್ನ ಕೈಲಿ ಮಗುಚೋಕೆ ಆಗ್ತಿಲ್ಲ. ನೀವೇ ಮಗುಚಿ.”

ಗೆದ್ದೆವು ಎಂದು ನಾನು ಕೂಗಿಬಿಡುತ್ತಿದ್ದೆ. ಆದರೆ ಭಾವ ಜೇಬಿನಿಂದ ಕೈ ತೆಗೆಯಬೇಕಾಯಿತು. ತೆಗೆದರು. ಅದು ಪುಸ್ತಕದ ಹತ್ತಿರ ಬರುತ್ತಲೇ ಹಾಳೆಯ ಅಂಚು ಪಟಪಟ ಎಂದಿತು. ಗುಮ್ಮಜ್ಜ ಪುಟ ಬಿಟ್ಟು ಆ ಕೈಯನ್ನೇ ನೋಡಿದರು. ಪುಸ್ತಕವನ್ನು ತಾವೇ ನಿಧಾನವಾಗಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಈ ಮುದುಕ ಈಗ ಮಾತು ತಿರುಗಿಸುತ್ತಾರೆ, ನಡುಗುವ ಕೈಗೆ ತಮ್ಮ ಕತೆ ಕೊಡುವುದಿಲ್ಲ ಎನ್ನುತ್ತಾರೆ ಎಂದುಕೊಂಡೆ. ಭಾವ ಏನನ್ನೂ ಮುಚ್ಚಿಡಲಿಲ್ಲ. ಎಂಟು ತಿಂಗಳು, ಬೆಳಗಿನ ನಾಲ್ಕೇ ಗಂಟೆಯ ಕೆಲಸ, ಇದು ಇಳಿಯುವ ಕಾಯಿಲೆಯಲ್ಲ ಎಂದು ವೈದ್ಯರು ಹೇಳಿದ್ದು, ಎಲ್ಲ ಹೇಳಿದರು. ಆ ಕೊನೆಯದು ನನಗೂ ಆಗಲೇ ಗೊತ್ತಾದದ್ದು.

ಗುಮ್ಮಜ್ಜ ಉಗುರಿನ ಮಸಿ ಒರೆಸಿಕೊಂಡರು. ಆಮೇಲೆ, ನಾನು ಹೆದರಿದ್ದು ಹೆದರಿದ್ದೇ, ಕೊಟ್ಟ ಮಾತು ಕೊಟ್ಟಿದ್ದೇ, ನಲವತ್ತೊಂದೂ ನಿಮ್ಮದು ಎಂದರು. ಇನ್ನು ಹೇಳಿ, ಎಷ್ಟು ಕತೆ ಬರೀತೀರಿ ಎಂದು ಕೇಳಿದರು.

“ಮೂರು,” ಎಂದರು ಭಾವ. “ಕೈ ಒಪ್ಪಿದರೆ ಮೂರು.”

ಯಾವ ಮೂರು ಎಂದು ಅವರು ಕೇಳಿದ್ದೇ ತಡ, ಭಾವ ಒಂದಾದ ಮೇಲೊಂದು ಹೆಸರು ಹೇಳಿದರು. ನೆನಪಿಸಿಕೊಳ್ಳಲಿಲ್ಲ, ತಡವರಿಸಲಿಲ್ಲ. ಯಾವುದೋ ಬೆಳಗ್ಗೆ ಒಬ್ಬರೇ ಕೂತು ಇದನ್ನೆಲ್ಲ ಲೆಕ್ಕ ಹಾಕಿ ಮುಗಿಸಿದ್ದರು ಎಂದು ನನಗೆ ಅರ್ಥವಾಯಿತು. ಮೂರೂ ಪುಟ್ಟ ಕತೆಗಳು, ಒಂದು ಕೋಣೆ, ಇಬ್ಬರೋ ಮೂವರೋ ಜನ. ಹನ್ನೆರಡನೇ ವಯಸ್ಸಿನಲ್ಲಿ ಓದಿ ರಾತ್ರಿಯೆಲ್ಲ ನಿದ್ದೆ ಬಿಟ್ಟಿದ್ದ ದೊಡ್ಡ ಕತೆ, ನನಗೂ ಅಕ್ಕನಿಗೂ ನೂರು ಸಲ ಹೇಳಿ ತಲೆ ತಿಂದಿದ್ದ ಕತೆ, ಅವುಗಳಲ್ಲಿ ಇರಲಿಲ್ಲ.

ನಾನು ತಡೆಯಲಾರದೆ ಕೇಳಿದೆ. “ಭಾವ, ಆ ದೊಡ್ಡದು?”

“ಅದು ಬೇಡ ಕಣೇ,” ಎಂದರು. “ಅದರಲ್ಲಿ ಕುದುರೆ ಜಾಸ್ತಿ.”